ನಲವತ್ತೆರಡು ಬಾಟಲಿ ನೀರು

ಈಚೆಗೆ ನಮ್ಮ ಬೀದಿಯಲ್ಲಿ ನನ್ನನ್ನು ಕಂಡವರೆಲ್ಲ ಎದ್ದು ನಿಲ್ಲುತ್ತಿದ್ದಾರೆ. ಎದುರುಮನೆಯ ಟೈಲರ್ ತನ್ನ ಅಂಗಡಿಯಲ್ಲಿ ಕಾದಿದ್ದ ನಾಲ್ಕು ಜನರನ್ನು ಪಕ್ಕಕ್ಕೆ ಸರಿಸಿ ನನ್ನ ಪ್ಯಾಂಟಿನ ಜಿಪ್ಪನ್ನು ಮೊದಲು ಹೊಲಿದುಕೊಟ್ಟ. "ಕಲಾವಿದರನ್ನ ಕಾಯಿಸೋದಾ? ಛೆ ಛೆ" ಎಂದ. ಆ ಮಾತು ಕೇಳಿ ಪ್ಯಾಂಟನ್ನು ಅಲ್ಲೇ ಬಿಟ್ಟು ಓಡಿಹೋಗೋಣ ಎನ್ನಿಸಿತು.

ನಾನು ಕಲಾವಿದನಲ್ಲ. ನಗರದ ನೀರು ಸರಬರಾಜು ಕಚೇರಿಯ ಸೋರಿಕೆ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಊರಲ್ಲಿ ಎಲ್ಲಿ ಪೈಪು ಒಡೆಯಲಿ, ಎಲ್ಲಿ ನಲ್ಲಿ ತೊಟ್ಟಿಕ್ಕಲಿ, ಅದು ನನ್ನ ರಿಜಿಸ್ಟರಿಗೆ ಬಂದೇ ಬರಬೇಕು. ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಇದುವರೆಗೆ ಐದು ಜನರಿಗೆ ಹೇಳಿದ್ದೇನೆ, ಐವರೂ ನಂಬಲಿಲ್ಲ. ನೀವಾದರೂ ನಂಬಿ ಪುಣ್ಯ ಕಟ್ಟಿಕೊಳ್ಳಿ.

ನೀರು ಚೆಲ್ಲುವುದನ್ನು ಕಂಡರೆ ನನಗಾಗುವುದಿಲ್ಲ. ಇದು ದೊಡ್ಡ ಗುಣ ಅಂತ ನಾನು ಹೇಳಿಕೊಳ್ಳುತ್ತಿಲ್ಲ. ಕೆಲವರಿಗೆ ಧೂಳು ಕಂಡರೆ ಸೀನು ಬರುವುದಿಲ್ಲವೇ, ಹಾಗೆ. ಊಟದ ನಡುವೆ ಎಲ್ಲೋ ಟಪ್ ಎಂದರೆ ತುತ್ತು ಬಿಟ್ಟು ಎದ್ದುಬಿಡುತ್ತೇನೆ. ನೆಂಟರ ಮನೆಗೆ ಹೋದರೂ ಮೊದಲು ಹೋಗುವುದು ಅವರ ಬಚ್ಚಲಿಗೆ. ಬೀದಿಯವರು ನನಗೆ 'ನಲ್ಲಿ ಸಾಹೇಬ್ರು' ಎಂದು ಹೆಸರಿಟ್ಟಿದ್ದಾರೆ. ಹಿಂದಿನಿಂದ ಅನ್ನುತ್ತಾರೆಂದು ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಮುಂದೆಯೇ ಅನ್ನತೊಡಗಿದರು, ಸಿಟ್ಟೂ ಹೋಯಿತು.

ನನಗೆ ಒಬ್ಬಳೇ ಮಗಳು. ನಗರದ ವಾದ್ಯವೃಂದದಲ್ಲಿ ಇದ್ದಾಳೆ. ಅದರಲ್ಲಿ ನಲವತ್ತೆರಡು ಜನ. ಇವಳು ಕೊನೆಯ ಸಾಲು, ಬಾರಿಸುವವರ ಪೈಕಿ. ಅಲ್ಲಿಯ ಕೆಲಸ ಎಂಥದೆಂದರೆ, ಇಡೀ ಸಂಜೆ ನೆಟ್ಟಗೆ ನಿಂತು, ಮನಸ್ಸಿನಲ್ಲೇ ಎಣಿಸುತ್ತಾ ಎಣಿಸುತ್ತಾ ಇದ್ದು, ತನ್ನ ಸರದಿ ಬಂದಾಗ ನಾಲ್ಕು ಸಲ ಬಾರಿಸುವುದು. ಒಮ್ಮೆ ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಕಾರ್ಯಕ್ರಮ ನೋಡಿ ಬಂದು, "ನಾಲ್ಕೇಟಿಗೋಸ್ಕರ ಎರಡು ಗಂಟೆ ನಿಲ್ಲಿಸ್ತಾರಲ್ರೀ, ಆ ಮಗೂನ" ಎಂದು ಕಣ್ಣೀರು ಹಾಕಿದ್ದರು. ಹೀಗೆ ಮೂರು ವರ್ಷ ನಿಂತ ಮೇಲೆ ಅವಳಿಗೊಂದು ಅವಕಾಶ ಬಂತು. "ಅಪ್ಪಾ, ಏಳು ನಿಮಿಷ ನಾನೊಬ್ಬಳೇ ಬಾರಿಸ್ತೀನಿ. ನಾನೇ ಬರೆದದ್ದು" ಎಂದಳು.

"ಯಾವುದರ ಮೇಲೆ?" ಎಂದೆ.

"ಅವತ್ತೇ ನೋಡು. ಮತ್ತೆ ಅಪ್ಪಾ, ಒಂದು ಕೇಳ್ಕೊಳ್ತೀನಿ. ವೇದಿಕೆ ಹಿಂದೆ ಬರ್ಬೇಡ."

ಅವಳು ಹಾಗೆ ಹೇಳಲು ಕಾರಣವಿತ್ತು. ಹಿಂದಿನ ವರ್ಷ ಒಂದು ಕಾರ್ಯಕ್ರಮದ ವಿರಾಮದಲ್ಲಿ ವೇದಿಕೆಯ ಹಿಂದೆ ಹಿತ್ತಾಳೆ ಕಹಳೆಯವರೊಬ್ಬರು ತಮ್ಮ ಕಹಳೆಯನ್ನು ಬಗ್ಗಿಸಿ ಅದರೊಳಗಿನ ನೀರನ್ನು ನೆಲದ ಮೇಲೆ ಬಿಟ್ಟದ್ದನ್ನು ನಾನು ಕಂಡಿದ್ದೆ. ಊದಿದ ಉಸಿರು ಒಳಗೆ ನೀರಾಗುತ್ತದೆ, ಅದನ್ನು ಆಗಾಗ ಬಸಿಯಲೇಬೇಕು ಎಂದು ನನಗೇನು ಕನಸು ಬೀಳುತ್ತದೆಯೇ? ಎಲ್ಲರ ಮುಂದೆ "ಇದೇನ್ರೀ, ನಲ್ಲಿ ಹಾಗೆ ನೀರು ಚೆಲ್ತಿದೀರಾ" ಎಂದು ಗದರಿಬಿಟ್ಟಿದ್ದೆ. ಮಗಳು ಒಂದು ವಾರ ನನ್ನ ಮುಖ ನೋಡಿರಲಿಲ್ಲ. ಅವಳಿಗೆ ನನ್ನಿಂದ ನಾಚಿಕೆ, ಅಷ್ಟೇ. ಇರಲಿ ಬಿಡಿ ಎಂದುಕೊಂಡು ಮಾತು ಕೊಟ್ಟೆ.

ಮಾತು ಕೊಟ್ಟವನು ಸುಮ್ಮನೆ ಇರಬೇಕಾಗಿತ್ತು. ಆದರೆ ಬೀದಿಯಲ್ಲಿ ಎದೆಯುಬ್ಬಿಸಿಕೊಂಡು ತಿರುಗಿದೆ. ಆ ವಾದ್ಯವೃಂದದಲ್ಲಿ ಕೊಪ್ಪರಿಗೆಯಂಥ ತಾಮ್ರದ ದೊಡ್ಡ ನಗಾರಿಗಳಿವೆ. ಅದನ್ನೇ ಬಾರಿಸುತ್ತಾಳೆಂದು ನಾನೇ ತೀರ್ಮಾನ ಮಾಡಿ, "ಏಳು ನಿಮಿಷ, ತಾಮ್ರದ ನಗಾರಿ, ಗೋಡೆ ಅದುರತ್ತೆ ನೋಡ್ತಿರಿ" ಎಂದು ಟೈಲರಿಗೂ ಅವನ ಗಿರಾಕಿಗಳಿಗೂ ಸಾರಿದೆ. ಬೀದಿಗೆ ಬೀದಿಯೇ ಹೊರಟು ನಿಂತಿತು.

ಕಾರ್ಯಕ್ರಮದ ಹೆಸರು 'ನಾಳೆಗೂ ಉಳಿಯಲಿ'. ಕಾಡು, ಗಾಳಿ, ಮಣ್ಣು, ನೀರು ಎಂದು ನಾಲ್ಕು ಭಾಗ. ಪರಿಸರವನ್ನು ಉಳಿಸುವುದು ಹೇಗೆಂದು ವಾದ್ಯಗಳಲ್ಲಿ ತೋರಿಸುವುದಂತೆ. ಬರೀ ತೋರಿಸುವುದಲ್ಲ, ಪಾಲಿಸುವುದೂ ಉಂಟು. ಕರಪತ್ರ ಅಚ್ಚು ಹಾಕಿಸುವಂತಿಲ್ಲ. ಪ್ಲಾಸ್ಟಿಕ್ ಲೋಟ ಇಲ್ಲ. ಬಂದವರು ತಮ್ಮ ತಮ್ಮ ನೀರಿನ ಬಾಟಲಿ ತಾವೇ ತರಬೇಕು. ದೀಪಗಳಿಗೆಲ್ಲ ಛಾವಣಿಯ ಮೇಲೆ ಬಿಸಿಲಿನಿಂದ ತುಂಬಿಸಿದ ಬ್ಯಾಟರಿ. ಅದು ಎಂಟೂವರೆಗೆ ಮುಗಿಯುತ್ತದೆ; ಅದು ಮುಗಿದರೆ ಕಾರ್ಯಕ್ರಮವೂ ಮುಗಿದಂತೆ. ಇಷ್ಟು ಚೆನ್ನಾದ ನಿಯಮಗಳನ್ನು ಕೇಳಿ ನನಗೆ ಸಂಗೀತದ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು.

ಇದಕ್ಕೆ ನಮ್ಮ ಇಲಾಖೆಯ ಸಹಕಾರವೂ ಇತ್ತು. ಅಂದಿನ ದಿನ ಸಭಾಂಗಣದ ನಲ್ಲಿಗಳನ್ನು ಪರೀಕ್ಷೆ ಮಾಡಲು ಒಬ್ಬರು ಹೋಗಬೇಕು ಎಂದರು. ಇಡೀ ಕಚೇರಿ ನನ್ನ ಕಡೆ ತಿರುಗಿತು. ಎದೆಗೆ ಒಂದು ಹಸಿರು ಬಿಲ್ಲೆ ಸಿಕ್ಕಿಸಿದರು. ವೇದಿಕೆಯ ಹಿಂದೆ ಬರುವುದಿಲ್ಲ ಎಂದು ಮಾತು ಕೊಟ್ಟವನು ಅಪ್ಪ, ಹೋದದ್ದು ಇಲಾಖೆ. ಎರಡಕ್ಕೂ ವ್ಯತ್ಯಾಸ ಇದೆ ಎಂದು ನಾನು ಅವತ್ತು ನಂಬಿದ್ದೆ.

ಮಧ್ಯಾಹ್ನ ಮೂರಕ್ಕೆ ಇಲಾಖೆಯ ಜೀಪಿನಲ್ಲಿ ಹೋಗಿ ಇಳಿದೆ. ವೇದಿಕೆ ಖಾಲಿ, ವಾದ್ಯದವರೆಲ್ಲ ಉಡುಪು ಬದಲಿಸಲು ಮನೆಗೆ ಹೋಗಿದ್ದರು. ಹಿಂಬದಿಯ ಕೈತೊಳೆಯುವ ಜಾಗದಲ್ಲಿ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ವಾಷರ್ ಸವೆದಿದೆ, ತಿರುಗಿಸಿದರೆ ನಿಲ್ಲುವ ಜಾತಿಯಲ್ಲ. ಹೊರಗೆ ಹೋಗಿ ಇಡೀ ಕಟ್ಟಡದ ಮುಖ್ಯ ವಾಲ್ವನ್ನೇ ಕೀಲಿಯಿಂದ ಬಂದ್ ಮಾಡಿದೆ. ಕೀಲಿಯನ್ನು ಜೀಪಿನ ಡ್ರೈವರ್ ಕೈಗೆ ಕೊಟ್ಟು, "ಸ್ಟೋರಿಗೆ ಜಮಾ ಮಾಡಿ ಮನೆಗೆ ಹೋಗಪ್ಪಾ" ಎಂದು ಕಳಿಸಿದೆ. ಸರಕಾರಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಸಂಗೀತ ಕೇಳುವ ಮನುಷ್ಯ ನಾನಲ್ಲ.

ಆಮೇಲೆ ವೇದಿಕೆಯ ಪಕ್ಕದ ಕೋಣೆಗೆ ಕಾಲಿಟ್ಟೆ. ಇಟ್ಟವನು ಹಾಗೇ ನಿಂತುಬಿಟ್ಟೆ.

ಗಾಲಿಗಳಿರುವ ಉದ್ದನೆಯ ಮೇಜು. ಅದರ ಮೇಲೆ ಗಾಜಿನ ಬಾಟಲಿಗಳು. ಒಂದರಲ್ಲಿ ಮೂರು ಬೆರಳು ನೀರು, ಇನ್ನೊಂದರಲ್ಲಿ ಅರ್ಧ, ಮತ್ತೊಂದರಲ್ಲಿ ಮುಕ್ಕಾಲು, ಒಂದರಲ್ಲಿ ಒಂದೇ ಗುಟುಕು. ಪ್ರತಿಯೊಂದಕ್ಕೂ ಕಾಗದದ ಪಟ್ಟಿ ಅಂಟಿಸಿ ಅಂಕಿ ಬರೆದಿತ್ತು. ಎಣಿಸಿದೆ. ನಲವತ್ತೆರಡು. ವಾದ್ಯವೃಂದದಲ್ಲಿ ಜನ ನಲವತ್ತೆರಡು, ಬಾಟಲಿ ನಲವತ್ತೆರಡು. ಲೆಕ್ಕ ಪಕ್ಕಾ ಸರಿಹೋಯಿತು.

ಈ ಅರ್ಧ ಕುಡಿದು ಬಿಟ್ಟುಹೋಗುವ ನೀರು ಇದೆಯಲ್ಲ, ಅದು ನನ್ನ ಜೀವಮಾನದ ಶತ್ರು. ಪ್ರತಿ ಸಭೆಯ ನಂತರ ಮೇಜಿನ ಮೇಲೆ ಉಳಿಯುವ ನೀರೆಷ್ಟು ಎಂದು ಹನ್ನೊಂದು ಪುಟದ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದ್ದೆ, ಯಾರೂ ಓದಿರಲಿಲ್ಲ. ಈಗ ನೋಡಿದರೆ ಭೂಮಿಯನ್ನು ಉಳಿಸುತ್ತೇವೆಂದು ಹೊರಟವರೇ ಒಬ್ಬೊಬ್ಬರೂ ನಂಬರು ಹಾಕಿಟ್ಟುಕೊಂಡು ಅರ್ಧ ಅರ್ಧ ಕುಡಿದು ಮನೆಗೆ ನಡೆದಿದ್ದಾರೆ! ಮೈಯೆಲ್ಲ ಉರಿದುಹೋಯಿತು.

ಬಕೆಟ್ ತಂದೆ. ನಲವತ್ತೆರಡನ್ನೂ ಬಗ್ಗಿಸಿದೆ. ಹಿಂಬಾಗಿಲ ಹೊರಗೆ ಸಾಲಾಗಿದ್ದ ಬಾಡಿದ ಗಿಡಗಳ ಬುಡಕ್ಕೆ ಒಂದು ಹನಿಯೂ ಆಚೀಚೆ ಹೋಗದ ಹಾಗೆ ಹುಯ್ದೆ. ಅಷ್ಟಕ್ಕೆ ಬಿಟ್ಟೆನೇ? ಬಾಟಲಿಗಳ ಮೇಲಿನ ಪಟ್ಟಿಗಳನ್ನು ಉಗುರಿನಿಂದ ಕೆರೆದು ತೆಗೆದು ಉಂಡೆ ಮಾಡಿ ಕಾಗದದ ಬುಟ್ಟಿಗೆ ಹಾಕಿದೆ. ಬಾಟಲಿಗಳನ್ನು ಒರೆಸಿ, ಗಿಡ್ಡದ್ದರಿಂದ ಎತ್ತರದ್ದರವರೆಗೆ ಸಾಲಾಗಿ ನಿಲ್ಲಿಸಿ, ಧೂಳು ಬೀಳದಿರಲೆಂದು ಅಲ್ಲೇ ಮಡಿಸಿಟ್ಟಿದ್ದ ನೀಲಿ ಬಟ್ಟೆಯನ್ನು ಹೊದಿಸಿದೆ. ಅಷ್ಟು ಅಚ್ಚುಕಟ್ಟಾಗಿ ನಾನು ಕಚೇರಿಯ ಕೆಲಸವನ್ನೂ ಮಾಡಿದವನಲ್ಲ.

ಗಿಡಕ್ಕೆ ಹುಯ್ಯುವ ಹೊತ್ತಿಗೆ ಸರಿಯಾಗಿ ಒಂದು ಕಾರು ಬಂದು ನಿಂತಿತು. ಇಳಿದವರು ನಮ್ಮ ಇಲಾಖೆಯ ದೊಡ್ಡ ಸಾಹೇಬರು. ಸಂಜೆಯ ಮುಖ್ಯ ಅತಿಥಿ ಅವರೇ. ತಮ್ಮ ಕುರ್ಚಿ ಎಲ್ಲಿ ಹಾಕಿದ್ದಾರೆಂದು ನೋಡಲು ಮುಂಚೆಯೇ ಬಂದಿದ್ದರು.

"ಏನಯ್ಯಾ ಇದು?"

"ಸಾರ್, ವಾದ್ಯದವರು ಕುಡಿದು ಬಿಟ್ಟ ನೀರು. ನಲವತ್ತೆರಡು ಬಾಟಲಿ. ಒಂದು ತೊಟ್ಟೂ ದಂಡ ಆಗಬಾರದು ಅಂತ..."

ಸಾಹೇಬರು ಗಿಡವನ್ನು ನೋಡಿದರು, ಬಕೆಟ್ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಜೇಬಿನಿಂದ ತಮ್ಮ ಭಾಷಣದ ಹಾಳೆ ತೆಗೆದು, ಪೆನ್ನಿನಿಂದ ಏನೋ ಸೇರಿಸಿಕೊಂಡು ಹೋದರು. ನನ್ನ ಹನ್ನೊಂದು ಪುಟಕ್ಕೆ ಕೊನೆಗೂ ಬೆಲೆ ಬಂತು ಎಂದು ನಾನು ಉಬ್ಬಿಹೋದೆ.

ಸಂಜೆ ಸಭಾಂಗಣ ಭರ್ತಿ. ಆರುನೂರು ಜನ, ಎಲ್ಲರ ಕೈಯಲ್ಲೂ ಒಂದೊಂದು ನೀರಿನ ಬಾಟಲಿ. ಮೂರನೇ ಸಾಲಿನಲ್ಲಿ ನಾನು, ನನ್ನ ಹೆಂಡತಿ, ಭಾವ, ಟೈಲರ್, ಮತ್ತೆ ನಮ್ಮ ಇಡೀ ಬೀದಿ. ವಾದ್ಯವೃಂದದ ನಿರ್ದೇಶಕರು ಬಂದು ನಿಂತರು. ಕೈಯಲ್ಲಿ ಒಂದು ಸಣ್ಣ ಕೋಲು ಹಿಡಿದು ನಲವತ್ತೆರಡು ಜನರನ್ನು ಆಡಿಸುವವರು. ನಮ್ಮ ಮನೆಯಲ್ಲಿ ಅವರಿಗೆ ಕೋಲು ಮೇಷ್ಟ್ರು ಎಂದು ಹೆಸರು. ಕಾಡು ಆಯಿತು, ಗಾಳಿ ಆಯಿತು, ಮಣ್ಣು ಆಯಿತು. ಮಣ್ಣಿನ ಹೊತ್ತಿಗೆ ಭಾವ ನಿದ್ದೆ ಹೋಗಿದ್ದರು. ಮಗಳು ಹಿಂದೆ ನಿಂತು ನಾಲ್ಕು ಸಲ ಬಾರಿಸಿದಳು. ನಾವು ನಾಲ್ಕು ಸಲವೂ ಚಪ್ಪಾಳೆ ತಟ್ಟಿದೆವು. ಮುಂದಿನ ಸಾಲಿನವರು ತಿರುಗಿ ನೋಡಿದರು.

ಕೊನೆಯ ಭಾಗಕ್ಕೆ ಮುಂಚೆ ಸಾಹೇಬರ ಭಾಷಣ. ಆ ಹೊತ್ತಿಗೆ ಇಬ್ಬರು ನೀಲಿ ಬಟ್ಟೆ ಹೊದಿಸಿದ ಮೇಜನ್ನು ತಳ್ಳಿಕೊಂಡು ಬಂದು ವೇದಿಕೆಯ ಮಧ್ಯದಲ್ಲಿ ನಿಲ್ಲಿಸಿದರು. ಮಗಳು ಕೊನೆಯ ಸಾಲಿನಿಂದ ಮುಂದಕ್ಕೆ ಬಂದು ಅದರ ಹಿಂದೆ ನಿಂತಳು. ಕೈಯಲ್ಲಿ ಮರದ ಎರಡು ಸಣ್ಣ ಸುತ್ತಿಗೆ. 'ಅಯ್ಯೋ, ಕಸದ ಬಾಟಲಿ ಮೇಜನ್ನ ತಂದು ಮಗು ಮುಂದೆ ಇಟ್ಟುಬಿಟ್ರಲ್ಲ, ನಗಾರಿ ಎಲ್ಲಿ ಇಡ್ತಾರೆ' ಎಂದು ನನಗೆ ಚಿಂತೆಯಾಯಿತು. ಹೌದು, ನಿಜವಾಗಿಯೂ ಹಾಗೇ ಅಂದುಕೊಂಡೆ. ನನ್ನ ಬುದ್ಧಿಯ ಬಗ್ಗೆ ನಿಮಗೆ ಇನ್ನೂ ಏನಾದರೂ ಅನುಮಾನವಿದ್ದರೆ ಇಲ್ಲಿಗೆ ಪರಿಹಾರವಾಗಲಿ.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಮಹನೀಯರೇ, ಪರಿಸರ ಅಂತ ನಾವು ಭಾಷಣ ಬಿಗೀತೀವಿ. ಆದ್ರೆ ಇವತ್ತು ಮಧ್ಯಾಹ್ನ ಇದೇ ಕಟ್ಟಡದ ಹಿಂದೆ ನಾನು ಕಣ್ಣಾರೆ ಕಂಡದ್ದು ಹೇಳ್ತೀನಿ. ನಮ್ಮ ಇಲಾಖೆಯ ಒಬ್ಬ ಸಾಮಾನ್ಯ ಗುಮಾಸ್ತ, ಪಕ್ಕದ ಕೋಣೇಲಿ ಯಾರೋ ಬಿಟ್ಟು ಹೋಗಿದ್ದ ನಲವತ್ತೆರಡು ಬಾಟಲಿ ನೀರನ್ನ..."

ಮಗಳು ತಲೆಯೆತ್ತಿದಳು.

"...ಒಂದೊಂದಾಗಿ ಬಗ್ಗಿಸಿ, ಒಂದು ಹನಿಯೂ ದಂಡ ಮಾಡದೆ, ಗಿಡಗಳಿಗೆ ಹಾಕ್ತಾ ಇದ್ದ! ಅಂಥವನನ್ನ ಈ ವೇದಿಕೆಗೆ ಕರೀತೀನಿ. ಬಾರಯ್ಯಾ ಇಲ್ಲಿ!"

ಚಪ್ಪಾಳೆ. ಬೀದಿಯವರು ಕಿರುಚಿದರು. ಭಾವ ಎಚ್ಚರಗೊಂಡು, ಏನೆಂದು ತಿಳಿಯದೆಯೇ ನನ್ನ ಬೆನ್ನು ತಟ್ಟಿದರು. ನಾನು ಹಲ್ಲು ಕಿರಿಯುತ್ತಾ ಮೆಟ್ಟಿಲು ಹತ್ತಿದೆ. ಸಾಹೇಬರು ನನ್ನ ಕೈಗೆ ಒಂದು ಗಿಡದ ಕುಂಡ ಕೊಟ್ಟರು. ನಾನು ಮಗಳ ಕಡೆ ತಿರುಗಿ ಕುಂಡವನ್ನು ಎತ್ತಿ ತೋರಿಸಿದೆ.

ಅವಳು ನನ್ನನ್ನು ನೋಡುತ್ತಿರಲಿಲ್ಲ. ಎರಡು ಬೆರಳಿನಿಂದ ನೀಲಿ ಬಟ್ಟೆಯ ಅಂಚನ್ನು ಎತ್ತಿ ಒಳಗೆ ನೋಡಿದಳು. ಮತ್ತೆ ಮುಚ್ಚಿದಳು. ಮತ್ತೆ ಎತ್ತಿ ನೋಡಿದಳು. ಅವಳ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತು.

ಭಾಷಣಕ್ಕೆ ಕಿವಿಗೊಡದ, ಇದೇನೂ ಗೊತ್ತಿಲ್ಲದ ಕೋಲು ಮೇಷ್ಟ್ರು ಗಂಭೀರವಾಗಿ ಘೋಷಿಸಿದರು: "ಕೊನೆಯದಾಗಿ, ನೀರು. ನಮ್ಮ ಯುವ ಕಲಾವಿದೆ ನಾಲ್ಕು ತಿಂಗಳು ಗುಜರಿ ಅಂಗಡಿಗಳನ್ನ ಸುತ್ತಿ ಆರಿಸಿ ತಂದ, ಒಂದೊಂದು ಸ್ವರಕ್ಕೂ ಒಂದೊಂದು ಮಟ್ಟಕ್ಕೆ ನೀರು ತುಂಬಿಸಿದ, ನಲವತ್ತೆರಡು ಬಾಟಲಿಗಳ ಮೇಲೆ."

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ನೆಲ ಬಾಯಿ ಬಿಡಲಿಲ್ಲ. ಕುಂಡ ಹಿಡಿದುಕೊಂಡು, ಆರುನೂರು ಜನರ ಎದುರಿಗೆ, ನಾನು ಅಲ್ಲೇ ನಿಂತಿದ್ದೆ.

"ಅಪ್ಪಾ" ಎಂದಳು ಮಗಳು, ತುಟಿ ಅಲ್ಲಾಡಿಸದೆ. "ನೀರೆಲ್ಲಿ?"

"ಗಿಡಕ್ಕೆ ಹಾಕ್ದೆ."

"ಎಲ್ಲಾನೂ?"

"ಒಂದು ಹನೀನೂ ದಂಡ ಮಾಡಿಲ್ಲಮ್ಮ."

ಇಂಥ ಹೊತ್ತಿನಲ್ಲಿ ಬಾಯಿಂದ ಬರುವುದು ಇಂಥ ಮಾತೇ. ಅವಳು ಕಣ್ಣು ಮುಚ್ಚಿ ತೆರೆದಳು. "ಪಟ್ಟಿ? ನಂಬರ್ ಪಟ್ಟಿ?"

"ಕಾಗದದ ಬುಟ್ಟಿಗೆ..."

ಕೋಲು ಮೇಷ್ಟ್ರು ಬಗ್ಗಿ ಪಿಸುಗುಟ್ಟಿದರು. "ಮತ್ತೆ ಶ್ರುತಿ ಮಾಡೋಕೆ ಎಷ್ಟು ಹೊತ್ತು ಬೇಕಮ್ಮ?"

"ಇಪ್ಪತ್ತು ನಿಮಿಷ ಆದ್ರೂ ಬೇಕು ಸಾರ್."

"ಬ್ಯಾಟರಿ ಇರೋದು ಇನ್ನು ಇಪ್ಪತ್ತೇಳು ನಿಮಿಷ. ಶುರು ಮಾಡು. ಯಾರಾದ್ರೂ ಓಡಿ, ಒಂದು ಬಕೆಟ್ ನೀರು ತನ್ನಿ."

"ನಲ್ಲಿ ಬರಲ್ಲ" ಎಂದೆ ನಾನು. "ಮುಖ್ಯ ವಾಲ್ವ್ ಬಂದ್ ಮಾಡಿದೀನಿ. ಕೀಲಿ ಸ್ಟೋರಿಗೆ ಜಮಾ ಆಗಿದೆ."

ಕೋಲು ಮೇಷ್ಟ್ರು ತಮ್ಮ ಕೋಲನ್ನು ನೋಡಿಕೊಂಡರು, ನನ್ನ ತಲೆಯನ್ನು ನೋಡಿದರು. ದೊಡ್ಡ ಮನುಷ್ಯರು, ಏನೂ ಮಾಡಲಿಲ್ಲ.

ಅಷ್ಟರಲ್ಲಿ ಮೂರನೇ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮೂವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು. ತನ್ನ ನೀರಿನ ಬಾಟಲಿಯನ್ನು ಎತ್ತಿ ಹಿಡಿದು ನೇರವಾಗಿ ವೇದಿಕೆಗೆ ನಡೆದು ಬಂದು ಅಂಚಿನಲ್ಲಿಟ್ಟಳು. ಅವಳ ಹಿಂದೆ ಟೈಲರ್. "ಮಗೂಗೆ ನೀರು ಬೇಕಂತೆ ಕಣ್ರೀ, ಕೊಡಿ ಕೊಡಿ" ಎಂದು ಅವನು ಕೂಗಿದ್ದೇ ತಡ, ಸಾಲಿನಿಂದ ಸಾಲಿಗೆ ಕೈಯಿಂದ ಕೈಗೆ ಬಾಟಲಿಗಳು ಹರಿದು ಬಂದವು. ಉಕ್ಕಿನವು, ಗಾಜಿನವು, ಮಕ್ಕಳ ಬಣ್ಣದ ಬಾಟಲಿಗಳು. ಸಾಹೇಬರು ತಮ್ಮ ಹಿತ್ತಾಳೆಯ ಬಾಟಲಿಯನ್ನೂ ಕೊಟ್ಟರು.

ಮಗಳು ಬಟ್ಟೆಯನ್ನು ಎಳೆದು ಹಾಕಿದಳು. "ಅಪ್ಪಾ, ಆ ಕುಂಡ ಕೆಳಗಿಡು. ನೀನು ಹುಯ್ಯಿ. ಸಾಕು ಅಂದಾಗ ನಿಲ್ಲಿಸು" ಎಂದಳು. ಕೋಲು ಮೇಷ್ಟ್ರು ಕೈ ಆಡಿಸಿದರು. ಪಿಟೀಲಿನವರೆಲ್ಲ ಅವಳಿಗೆ ಆಧಾರವಾಗಲೆಂದು ಮೆಲ್ಲಗೆ ಒಂದೇ ಸ್ವರ ಹಿಡಿದರು.

ನಾನು ಹುಯ್ದೆ. ಅವಳು ಸುತ್ತಿಗೆಯಿಂದ ಟಿಣ್ ಎನ್ನಿಸಿ ಕಿವಿ ಕೊಟ್ಟಳು. "ಇನ್ನೂ." ಹುಯ್ದೆ. ಟಿಣ್. "ಇನ್ನೂ ಸ್ವಲ್ಪ." ಹುಯ್ದೆ. "ಸಾಕು! ಸಾಕು ಅಂದ್ನಲ್ಲ! ಜಾಸ್ತಿ ಆಯ್ತು."

"ಈಗೇನ್ಮಾಡ್ಲಿ? ಎಲ್ಲಿ ಚೆಲ್ಲಲಿ?"

"ಕುಡಿ."

ಕುಡಿದೆ. ಟಿಣ್. "ಇನ್ನೊಂದು ಗುಟುಕು." ಕುಡಿದೆ. ಟಿಣ್. "ಹಾಂ. ಮುಂದಿನದು."

ಎಷ್ಟು ಜೋಪಾನವಾಗಿ ಹುಯ್ದರೂ ಪ್ರತಿ ಬಾಟಲಿಗೂ ಹೆಚ್ಚು ಬೀಳುತ್ತಿತ್ತು, ಪ್ರತಿ ಬಾಟಲಿಯಲ್ಲೂ ಕುಡಿಯಬೇಕಾಗುತ್ತಿತ್ತು. ಹತ್ತನೆಯದರ ಹೊತ್ತಿಗೆ ಬಾಯಾರಿಕೆ ತೀರಿತು. ಇಪ್ಪತ್ತಕ್ಕೆ ಬೆಲ್ಟಿನ ಒಂದು ತೂತು ಸಡಿಲಿಸಿದೆ. ಮೂವತ್ತಕ್ಕೆ ಇನ್ನೊಂದು ಅಗತ್ಯ ನೆನಪಾಯಿತು. ಶೌಚಾಲಯದಲ್ಲಿ ನೀರಿಲ್ಲ, ಯಾಕಿಲ್ಲ ಎನ್ನುವುದೂ ನೆನಪಾಯಿತು. ಮಗಳು ನನ್ನ ಮುಖ ನೋಡದೆ "ಹುಯ್ಯಿ", "ಸಾಕು", "ಕುಡಿ" ಎನ್ನುತ್ತಿದ್ದಳು. ನಲವತ್ತೆರಡನೆಯದು ಮುಗಿದಾಗ ಅವಳ ಹಣೆಯ ಬೆವರು ಗಲ್ಲದವರೆಗೆ ಇಳಿದಿತ್ತು. ಅವಳು ಎರಡೂ ಸುತ್ತಿಗೆಗಳನ್ನು ನೆಟ್ಟಗೆ ಹಿಡಿದು, ಉಸಿರೆಳೆದುಕೊಂಡು, ಬಾರಿಸಲು ಕೈಯೆತ್ತಿದಳು.

ಸಭಾಂಗಣ ಸಿಡಿಯಿತು.

ಆರುನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸಿಳ್ಳೆ ಹಾಕಿದರು. ಸಾಹೇಬರು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇಷ್ಟು ಹೊತ್ತೂ ನಡೆದದ್ದೇ ಆ 'ನೀರು' ಎಂದು ಎಲ್ಲರೂ ತಿಳಿದಿದ್ದರು! ಮಗಳು ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದಳು. ಕೋಲು ಮೇಷ್ಟ್ರು "ಇನ್ನೂ ಇದೆ, ಕೂತ್ಕೊಳಿ, ಇನ್ನೂ ಶುರುನೇ ಆಗಿಲ್ಲ" ಎಂದು ಕೈ ಬೀಸಿದರು. ಜನ ಅದನ್ನು ವಂದನೆ ಎಂದುಕೊಂಡು ಇನ್ನೂ ಜೋರಾಗಿ ತಟ್ಟಿದರು. ಐದು ನಿಮಿಷ ತಟ್ಟಿದರು, ಆರು ನಿಮಿಷ ತಟ್ಟಿದರು. ಆಗ ದೀಪಗಳು ಮಂಕಾಗುತ್ತಾ ಮಂಕಾಗುತ್ತಾ ಬಂದು, ಎಂಟೂವರೆಗೆ ಸರಿಯಾಗಿ ಆರಿಹೋದವು.

ಕತ್ತಲಲ್ಲಿ ಯಾರೋ, "ಅಬ್ಬಾ! ಎಂಥಾ ಮುಕ್ತಾಯ!" ಎಂದರು.

ಮಾರನೆಯ ದಿನದ ಪತ್ರಿಕೆ ನೋಡಿದೆ. 'ಮಗಳು ಬೇಡುತ್ತಾಳೆ, ತಂದೆ ಹುಯ್ಯುತ್ತಾನೆ, ಮತ್ತೆ ತಾನೇ ಕುಡಿದುಬಿಡುತ್ತಾನೆ. ಮುಂದಿನ ಪೀಳಿಗೆಯ ನೀರನ್ನು ಹಿಂದಿನ ಪೀಳಿಗೆ ಕುಡಿದು ಬರಿದು ಮಾಡುವ ಈ ದುರಂತವನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ. ಆ ತಂದೆಯ ಮುಖದ ಅಪರಾಧಿ ಭಾವವಂತೂ ಅಭಿನಯದ ಪರಾಕಾಷ್ಠೆ.' ಓದಿ ಪತ್ರಿಕೆಯನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟೆ. ಭಾವ ತಮ್ಮದೊಂದು ಪ್ರತಿಗೆ ಚೌಕಟ್ಟು ಹಾಕಿಸಿ ತಂದು ಗೋಡೆಗೆ ಮೊಳೆ ಹೊಡೆದರು. "ಭಾವ, ಅದು ಅಭಿನಯ ಅಲ್ಲ, ನಾನು ಎಡವಟ್ಟು ಮಾಡ್ದೆ" ಎಂದರೆ, "ಸಾಕು ಸುಮ್ನಿರಿ, ಇಷ್ಟು ವರ್ಷ ನಿಮ್ಮನ್ನ ಏನೂ ಬಾರದೋರು ಅಂದ್ಕೊಂಡಿದ್ದೆ, ನನ್ನದೇ ತಪ್ಪು" ಎಂದರು.

ಟೈಲರಿಗೆ ಹೇಳಿದೆ. ಅವನು ಕಣ್ಣು ಮಿಟುಕಿಸಿದ. ಪತ್ರಿಕೆಯವನನ್ನು ಹುಡುಕಿಕೊಂಡು ಹೋಗಿ ಹೇಳಿದೆ. ಅವನು ಮರುದಿನ 'ಎಲ್ಲವೂ ಆಕಸ್ಮಿಕ ಎನ್ನುವ ವಿನಯಶೀಲ' ಎಂದು ನನ್ನ ಫೋಟೋ ಸಮೇತ ಹಾಕಿದ. ಧೈರ್ಯ ಮಾಡಿ ಸಾಹೇಬರ ಕೋಣೆಗೇ ಹೋದೆ.

"ಸಾರ್, ಅವತ್ತು ಆದದ್ದು ತಪ್ಪು."

"ತಪ್ಪೇ ಕಣಯ್ಯಾ! ಮನುಷ್ಯಕುಲದ ತಪ್ಪು."

"ಅಲ್ಲ ಸಾರ್, ನನ್ನ ತಪ್ಪು."

ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. "ಅದೇ! ಪ್ರತಿಯೊಬ್ಬನೂ ಹೀಗೇ, 'ನನ್ನ ತಪ್ಪು' ಅಂತ ಎದೆ ಮುಟ್ಟಿ ಹೇಳ್ಬೇಕು!" ಎಂದವರೇ ಕಚೇರಿಯ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ 'ನನ್ನ ತಪ್ಪು' ಎಂದು ಬರೆಸಿ, ಕೆಳಗೆ ನನ್ನ ಹೆಸರು ಹಾಕಿಸಿದರು. ಈಗ ದಿನಾ ಬೆಳಿಗ್ಗೆ ಅದರ ಕೆಳಗೇ ಹಾದು ಒಳಗೆ ಹೋಗಬೇಕು.

ಮನೆಯಲ್ಲಿ ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಊಟಕ್ಕೆ ಬಾ ಎಂದರೆ "ಹೂಂ", ನೀರು ಬೇಕಾ ಎಂದರೆ "ಬೇಡ". ನೀರು ಬೇಕಾ ಎಂದು ಕೇಳುವ ಬುದ್ಧಿ ನನಗೆ ಯಾಕೆ ಬಂತೋ.

ಎರಡು ವಾರದ ಮೇಲೆ ಕೋಲು ಮೇಷ್ಟ್ರೇ ಮನೆಗೆ ಬಂದರು. ಇನ್ನೊಂದು ಊರಿನ ದೊಡ್ಡ ಸಭಾಂಗಣದವರು ಆ 'ನೀರು' ನಮ್ಮಲ್ಲೂ ಆಗಬೇಕು ಎಂದು ಪತ್ರ ಬರೆದಿದ್ದರು. ಮಗಳ ಮುಖ ಅಷ್ಟು ದಿನದ ಮೇಲೆ ಅರಳಿತು. ಮೇಷ್ಟ್ರು ತಲೆ ತಗ್ಗಿಸಿ, "ಆದ್ರೆ ಅವರು ಕೇಳ್ತಿರೋದು ಅವತ್ತು ಆದದ್ದನ್ನೇ ಅಮ್ಮ. ತಂದೆಯವರ ಸಮೇತ" ಎಂದರು. ಅವಳು ಎದ್ದು ಒಳಗೆ ಹೋದಳು.

ನಾನು ಆ ಊರಿಗೆ ಫೋನ್ ಮಾಡಿದೆ. "ನೋಡಿ, ನಾನು ಬರಲ್ಲ. ಅವಳೊಬ್ಬಳೇ ಬರ್ತಾಳೆ. ಅವಳು ಬರೆದದ್ದು ಬೇರೆಯೇ ಇದೆ, ಏಳು ನಿಮಿಷದ್ದು. ಅದನ್ನ ಇನ್ನೂ ಯಾರೂ ಕೇಳಿಲ್ಲ" ಎಂದೆ. ಆ ಕಡೆಯ ವ್ಯವಸ್ಥಾಪಕರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಆದದ್ದೆಲ್ಲವನ್ನೂ ಬಿಡಿಸಿ ಹೇಳಿದೆ. ನಕ್ಕರು. ಆಮೇಲೆ, "ತಾವು ಇಲ್ಲದಿದ್ರೆ ಬೇಡ ಬಿಡಿ ಸಾರ್. ಬರೀ ಬಾಟಲಿ ಬಾರಿಸೋದನ್ನ ಯಾರು ಕೇಳ್ತಾರೆ?" ಎಂದರು. ಫೋನ್ ಇಟ್ಟವನು ತಿರುಗಿದೆ. ಮಗಳು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಅವಳ ಮೂರು ವರ್ಷದ ಕಾಯುವಿಕೆ, ನಾಲ್ಕು ತಿಂಗಳ ಗುಜರಿ ಅಂಗಡಿ, ಎಲ್ಲವನ್ನೂ ನಾನೊಬ್ಬನೇ ನುಂಗಿ ಕೂತಿದ್ದೆ. ನನಗೆ ಅಳು ಬಂತು. ಬಂದದ್ದನ್ನು ತಡೆಯಲಿಲ್ಲ. "ಅಮ್ಮಾ, ನಂಗೊಂದ್ಸಲ ಬಾರಿಸಿ ತೋರಿಸ್ತೀಯಾ?" ಎಂದೆ.

"ಯಾಕೆ, ಯಾರಾದ್ರೂ ಫೋಟೋ ತೆಗಿಯೋಕೆ ಬರ್ತಿದಾರಾ?"

"ಇಲ್ಲ. ಬಾಗಿಲು ಹಾಕ್ತೀನಿ. ನಿಮ್ಮಮ್ಮ, ನಾನು, ಅಷ್ಟೇ."

ಅವಳು ಹೋಗಿ ತಾನೇ ಬಾಗಿಲು ಹಾಕಿದಳು. ಆಮೇಲೆ ಬಾಟಲಿಗಳ ಪೆಟ್ಟಿಗೆಗಳನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಜೋಡಿಸತೊಡಗಿದಳು. ನಾನು ಸಹಾಯಕ್ಕೆಂದು ಎದ್ದೆ. "ಕೈ ಕಟ್ಕೊಂಡು ಕೂತ್ಕೊಳ್ಳಿ ನೀವು" ಎಂದಳು ನನ್ನ ಹೆಂಡತಿ. ಕೂತೆ. ಶ್ರುತಿ ಮಾಡಲು ಒಂದು ಗಂಟೆ ಹಿಡಿಯಿತು.

ನನಗೆ ಸಂಗೀತ ಗೊತ್ತಿಲ್ಲ. ಆದರೆ ನೀರು ಗೊತ್ತು. ಅವಳು ಬಾರಿಸಲು ಶುರುಮಾಡಿದ ಅರ್ಧ ನಿಮಿಷಕ್ಕೇ ನಾನು ನೆಟ್ಟಗಾದೆ. ಎಲ್ಲೋ ಬಂಡೆಯ ಸಂದಿಯಲ್ಲಿ ಜಿನುಗುತ್ತಿತ್ತು ಅದು. ಹರಿಯಿತು, ಅಗಲವಾಯಿತು, ಜಲಾಶಯದಲ್ಲಿ ಸುಮ್ಮನೆ ನಿಂತಿತು. ಆಮೇಲೆ ದೊಡ್ಡ ಪಂಪು. ಆಮೇಲೆ ದಪ್ಪ ಪೈಪು, ಅದರಿಂದ ಸಣ್ಣದು, ಅದರಿಂದ ಅರ್ಧ ಇಂಚಿನದು. ಒತ್ತಡ ಕಡಿಮೆಯಾಗುವುದು ಇದ್ದದ್ದು ಇದ್ದ ಹಾಗೆ ಕೇಳಿಸುತ್ತಿತ್ತು. ಒಂದು ಕಡೆ ಜೋಡಣೆಯಲ್ಲಿ ಸೋರುತ್ತಿತ್ತು, ನನ್ನ ಕೈ ತಾನಾಗಿ ರಿಜಿಸ್ಟರು ಹುಡುಕಿತು. ಕೊನೆಗೆ ಎಲ್ಲ ಅಡಗಿ, ಒಂದೇ ಸಣ್ಣ ಬಾಟಲಿಯ ಮೇಲೆ ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್. ಆಗ ದಪ್ಪ ಬಾಟಲಿಗಳ ಮೇಲೆ ಪಟ್ ಪಟ್ ಪಟ್ ಎಂದು ಏನೋ ಅವಸರವಾಗಿ ನಡೆದು ಬಂತು. ಹತ್ತಿರ ಬಂದು ನಿಂತಿತು. ಆ ಟಪ್ ನಿಂತುಹೋಯಿತು. ಅವಳು ಸುತ್ತಿಗೆಗಳನ್ನು ಕೆಳಗಿಟ್ಟಳು.

"ಕೊನೇಲಿ ತೊಟ್ಟಿಕ್ಕಿದ್ದು ನಲ್ಲಿ ತಾನೆ?" ಎಂದೆ.

"ಹೂಂ."

"ಆಮೇಲೆ ಪಟ್ ಪಟ್ ಅಂತ ಬಂತಲ್ಲ, ಅದೇನಮ್ಮ?"

"ಚಪ್ಪಲಿ."

"ಯಾರದು?"

ಮಗಳು ನನ್ನ ಮುಖವನ್ನು ನೇರವಾಗಿ ನೋಡಿದಳು. "ಇನ್ಯಾರದಪ್ಪಾ? ಈ ಮನೇಲಿ ಟಪ್ ಅಂದ ಕೂಡ್ಲೆ ಊಟ ಬಿಟ್ಟು ಎದ್ದು ಓಡೋರು ಯಾರು? ಅದಕ್ಕೇ ನಿಂಗೆ ಮುಂಚೆ ಹೇಳ್ಲಿಲ್ಲ. ಅಲ್ಲಿ ಕೂತು ಕೇಳ್ಲಿ ಅಂತ."

ಆರುನೂರು ಜನರೆದುರು ಕುಂಡ ಹಿಡಿದು ನಿಂತಾಗ ಆದದ್ದು ನಾಚಿಕೆಯೇ ಅಲ್ಲ. ನಾಚಿಕೆ ಅಂದರೆ ಏನೆಂದು ಆ ಅಡುಗೆಮನೆಯಲ್ಲಿ ಗೊತ್ತಾಯಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬಗ್ಗೆ ಯಾರಾದರೂ ಒಂದು ಒಳ್ಳೆಯ ಮಾತು ಬರೆದದ್ದಿದ್ದರೆ ಅದು ಇದೊಂದೇ. ಅದನ್ನು ನಾನೇ ಬಗ್ಗಿಸಿ ಗಿಡಕ್ಕೆ ಹುಯ್ದಿದ್ದೆ.

ಹೆಂಡತಿ ಚಪ್ಪಾಳೆ ತಟ್ಟಿದಳು. ನನ್ನ ಎರಡು ಕೈಯೂ ಮುಖದ ಮೇಲಿದ್ದವು.